ಮೇಷ್ಟ್ರ ಕೆಂಪು ಶಾಲು

ಭಾನುವಾರ ಹನ್ನೊಂದು ಗಂಟೆಯೊಳಗೆ ಮನೆಯವರೆಲ್ಲರ ಸ್ನಾನ ಮುಗಿದಿರಬೇಕಿತ್ತು. ಆಮೇಲೆ ಬಚ್ಚಲುಮನೆ ಅಪ್ಪನದು. ರಾಜಾಜಿನಗರದಲ್ಲಿ ನಾವು ಬಾಡಿಗೆಗಿದ್ದ ಮನೆ ರೈಲಿನ ಡಬ್ಬಿಯ ಹಾಗೆ ಉದ್ದಕ್ಕಿತ್ತು. ಮುಂದೆ ಹಾಲು, ಅದರ ಹಿಂದೆ ಒಂದು ಕೋಣೆ, ಅದರ ಹಿಂದೆ ಅಡಿಗೆಮನೆ, ಕೊನೆಗೆ ಬಚ್ಚಲು. ಬಚ್ಚಲಲ್ಲಿ ತಾಮ್ರದ ಹಂಡೆ, ಅದರ ಕೆಳಗೆ ಸೌದೆ ಒಲೆ, ಪಕ್ಕಕ್ಕೆ ಸಿಮೆಂಟಿನ ನೀರಿನ ತೊಟ್ಟಿ. ಅಜ್ಜಿ ಸ್ನಾನ ಮಾಡಿ ಲಿಂಗಪೂಜೆಗೆ ಕೂತ ಕೂಡಲೇ ಅಪ್ಪ ಒಲೆಯ ಕೆಂಡಕ್ಕೆ ನೀರು ಸುರಿದು, ಬೂದಿಯನ್ನು ಕಡ್ಡಿಯಿಂದ ಕೆದಕಿ, ಮತ್ತೊಂದು ಚೊಂಬು ಸುರಿಯುತ್ತಿದ್ದರು. ಎಲ್ಲೋ ಒಂದು ಕಿಡಿ ಉಳಿದರೂ ಫೋಟೋ ಕಾಗದ ಹಾಳು. ಕಿಟಕಿಗೆ ಕರಿ ಕಂಬಳಿ ಜಡಿದು, ಬಾಗಿಲಿನ ಸಂದಿಗೆ ಅಮ್ಮನ ಹಳೇ ಸೀರೆ ತುರುಕಿ, ತೊಟ್ಟಿಗೆ ಅಡ್ಡಲಾಗಿ ಹಲಗೆ ಹಾಕಿ, ಅದರ ಮೇಲೆ ಎನ್‌ಲಾರ್ಜರ್ ಇಡುತ್ತಿದ್ದರು. ಫಿಲ್ಮಿನ ಪುಟ್ಟ ಚಿತ್ರವನ್ನು ದೊಡ್ಡದಾಗಿ ಕಾಗದದ ಮೇಲೆ ಬೀಳಿಸಲು ಒಂದು ಕಂಬಕ್ಕೆ ತಲೆಕೆಳಗಾಗಿ ಸಿಕ್ಕಿಸಿದ ದೀಪದ ಡಬ್ಬಿ ಅದು. ಅದಕ್ಕೆ ಅಡಿಗೆಮನೆಯಿಂದ ವೈರು ಎಳೆಯಬೇಕಿತ್ತು. ಆ ವೈರನ್ನು ದಾಟಿ ದಾಟಿ ಅಮ್ಮ ರೊಟ್ಟಿ ಬಡಿಯುತ್ತಿದ್ದಳು.

"ಯಪ್ಪಾ, ಮಂದಿ ಜಳಕ ಮಾಡೂ ಜಾಗದಾಗ ಏನಿದು ನಾತ?" ಎಂದು ಅಜ್ಜಿ ಹಾಲಿನಿಂದಲೇ ಕೇಳುತ್ತಿದ್ದಳು. ಅವಳು ರಾಣೆಬೆನ್ನೂರಿನ ಮಾತನ್ನು ಬೆಂಗಳೂರಿಗೆ ಬಂದ ಮೇಲೂ ಬಿಟ್ಟಿರಲಿಲ್ಲ.

ನಾತ ಇದ್ದದ್ದು ನಿಜ. ಅಪ್ಪ ಮೊದಲು ಕಪ್ಪುಬಿಳುಪು ಫೋಟೋ ತೊಳೆಯುತ್ತಿದ್ದರು, ಅದಕ್ಕೆ ಇಷ್ಟೆಲ್ಲ ಕಷ್ಟವಿರಲಿಲ್ಲ. ಹಡಗಿನಲ್ಲಿ ಕೆಲಸಕ್ಕಿದ್ದ ಅವರ ಕಾಲೇಜು ಗೆಳೆಯರೊಬ್ಬರು ಒಂದು ಸಲ ರಜೆಗೆ ಬಂದಾಗ ಒಂದು ಪೆಟ್ಟಿಗೆ ತಂದುಕೊಟ್ಟರು. ಅದರಲ್ಲಿ ಬಣ್ಣದ ಪ್ರಿಂಟ್ ಮಾಡುವ ಕಾಗದ, ಮೂರು ಬಾಟಲಿ ದ್ರಾವಣ, ಕಪ್ಪು ಪ್ಲಾಸ್ಟಿಕ್ಕಿನ ಒಂದು ಡ್ರಮ್ಮು, ಚಿತ್ರದ ಬಣ್ಣ ತಿದ್ದಲು ದೀಪಕ್ಕೆ ಅಡ್ಡ ಇಡುವ ಬಣ್ಣಬಣ್ಣದ ತೆಳು ಫಿಲ್ಟರುಗಳು ಇದ್ದವು. ಸ್ಲೈಡ್ ಇದ್ದರೆ ಸಾಕು, ಅದರಿಂದ ನೇರವಾಗಿ ಬಣ್ಣದ ಫೋಟೋ ಮಾಡಬಹುದಿತ್ತು. ಸ್ಲೈಡ್ ಅಂದರೆ ಎರಡಂಗುಲದ ರಟ್ಟಿನ ಚೌಕಟ್ಟಿನಲ್ಲಿ ಕೂತ ಫಿಲ್ಮಿನ ತುಣುಕು. ಬೆಳಕಿಗೆ ಹಿಡಿದರೆ ಪುಟ್ಟ ಬಣ್ಣದ ಚಿತ್ರ. ಅದಕ್ಕೆ ನೆಗೆಟಿವ್ ಇರುವುದಿಲ್ಲ. ಅದೊಂದೇ ಇರುವುದು. ಗೀರು ಬಿದ್ದರೆ, ದೀಪದ ಶಾಖಕ್ಕೆ ಸುರುಟಿಕೊಂಡರೆ, ಆ ಚಿತ್ರ ಭೂಮಿಯ ಮೇಲೆ ಇನ್ನೆಲ್ಲೂ ಉಳಿಯುವುದಿಲ್ಲ. ಇದನ್ನು ಅಪ್ಪ ಮೊದಲ ದಿನವೇ ಹೇಳಿದ್ದರು. ಅಂದಿನಿಂದ ಸ್ಲೈಡಿನ ಅಂಚು ಹಿಡಿದಾಗೆಲ್ಲ ನನ್ನ ಬೆರಳುಗಳು ಬೆವರುತ್ತಿದ್ದವು.

ನನಗಾಗ ಹನ್ನೊಂದು ವರ್ಷ. ಕತ್ತಲಲ್ಲಿ ಕಾಗದದ ಚಿತ್ರ ಮೂಡುವ ನುಣುಪು ಬದಿಯನ್ನು ತುಟಿಯಿಂದ ಮುಟ್ಟಿ ನೋಡಿ ಹೇಳುವುದು, ಬೇಸನ್ನಿನ ನೀರಿಗೆ ಬಿಸಿನೀರು ತಣ್ಣೀರು ಬೆರೆಸಿ ಥರ್ಮಾಮೀಟರು ಇಪ್ಪತ್ತನಾಲ್ಕರಲ್ಲಿ ನಿಲ್ಲುವಂತೆ ನೋಡಿಕೊಳ್ಳುವುದು, ಡ್ರಮ್ಮನ್ನು ಒಂದೇ ವೇಗದಲ್ಲಿ ನೆಲದ ಮೇಲೆ ಹಿಂದೆ ಮುಂದೆ ಉರುಳಿಸುವುದು ನನ್ನ ಕೆಲಸ. ಕಪ್ಪುಬಿಳುಪಿಗೆ ಕೆಂಪು ದೀಪ ಇಟ್ಟುಕೊಳ್ಳಬಹುದಿತ್ತು. ಬಣ್ಣಕ್ಕೆ ಅದೂ ಇಲ್ಲ, ಪೂರ್ತಿ ಕತ್ತಲು. ಹೊರಗೆ ಉರಿಬಿಸಿಲು, ಬೀದಿಯಲ್ಲಿ ಸೊಪ್ಪಿನವಳ ಕೂಗು, ಒಳಗೆ ನನ್ನ ಕೈ ನನಗೇ ಕಾಣದು. ಅಪ್ಪನ ಉಸಿರು ಕೇಳಿಸುತ್ತಿದ್ದುದರಿಂದ ಅವರು ಎಲ್ಲಿದ್ದಾರೆಂದು ಗೊತ್ತಾಗುತ್ತಿತ್ತು. ಕಾಗದ ಡ್ರಮ್ಮಿನೊಳಗೆ ಸೇರಿ ಮುಚ್ಚಳ ಬಿಗಿಯಾದ ಮೇಲೆ ದೀಪ ಹಾಕಬಹುದಿತ್ತು. ಮೊದಲ ದ್ರಾವಣ ಎರಡು ನಿಮಿಷ, ಎರಡನೆಯದು ನಾಲ್ಕು, ಮೂರನೆಯದು ಮೂರು. ಎರಡನೆಯದರಲ್ಲಿ ಆಸಿಡ್ ಇರುತ್ತಿತ್ತು. ಅದನ್ನು ಚರಂಡಿಗೆ ಹಾಗೇ ಬಿಡಬಾರದೆಂದು ಅಮ್ಮನ ಅಡಿಗೆ ಸೋಡಾ ಹಾಕಿದ ಬಕೆಟ್ಟಿಗೆ ಸುರಿದರೆ ಅದು ಬುಸ್ಸೆಂದು ನೊರೆಯೇಳುತ್ತಿತ್ತು. ಹಿಂದಿನ ಬೀದಿಯ ಪವರ್‌ಲೂಮುಗಳು ಒಟ್ಟಿಗೆ ಶುರುವಾದರೆ ದೀಪ ಮಂಕಾಗಿ ಬಣ್ಣ ಜಾರಿಬಿಡುತ್ತದೆಂದು, ಲೂಮುಗಳು ಸುಮ್ಮನಿರುವ ಭಾನುವಾರ ಮಧ್ಯಾಹ್ನವನ್ನೇ ಅಪ್ಪ ಆರಿಸಿಕೊಂಡಿದ್ದರು.

ಮೊದಲ ಪ್ರಿಂಟು ಅಮ್ಮನದು. ಬಸವೇಶ್ವರನಗರದಲ್ಲಿ ಆಗಿನ್ನೂ ಸೈಟುಗಳಿಗೆ ಕಲ್ಲು ನೆಡುತ್ತಿದ್ದರು. ಅಲ್ಲಿಯ ಒಂದು ರಾಗಿ ಹೊಲದ ಬದಿಯಲ್ಲಿ ಅವಳು ನಿಂತಿದ್ದಳು. ಡ್ರಮ್ಮಿನಿಂದ ತೆಗೆದ ಒದ್ದೆ ಕಾಗದವನ್ನು ಅಪ್ಪ ಅಂಗಳದ ಬಿಸಿಲಿಗೆ ತಂದು ನನ್ನ ಮುಂದೆ ಹಿಡಿದರು.

"ಉಮಾ, ಸೀರೆ ಯಾವ ಬಣ್ಣ ಕಾಣ್ತಿದೆ ಹೇಳು."

"ಹಸಿರು. ಆದ್ರೆ ಸ್ವಲ್ಪ ಕಂದು ಥರ."

"ಅಮ್ಮನ ಮುಖ?"

"ಜಾಸ್ತಿ ಕೆಂಪಾಗಿದೆ."

ಅಪ್ಪ ತಲೆಯಾಡಿಸಿ, ಫಿಲ್ಟರುಗಳ ಪೊಟ್ಟಣದಲ್ಲಿ ನಂಬರು ಓದಿ ಒಂದನ್ನು ತೆಗೆದು ಇನ್ನೊಂದನ್ನು ಹಾಕಿದರು. ಒದ್ದೆ ಇದ್ದಾಗ ಚಿತ್ರ ಕೆಂಪಿಗೆ ತಿರುಗಿರುತ್ತದೆ, ಒಣಗಿದ ಮೇಲೆ ಸ್ವಲ್ಪ ಇಳಿಯುತ್ತದೆ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಹೇಳಿಕೊಟ್ಟರು. ನನಗೆ ಪಾಠ ಹೇಳುತ್ತಿದ್ದಾರೆ, ಪರೀಕ್ಷೆ ಮಾಡುತ್ತಿದ್ದಾರೆ ಅಂದುಕೊಂಡಿದ್ದೆ. "ನಿನ್ನ ಕಣ್ಣು ಚೆನ್ನಾಗಿದೆ ಕಣೇ" ಎಂದು ಅವರು ಹೇಳಿದರೆ ಇಡೀ ವಾರ ಹಿಗ್ಗುತ್ತಿದ್ದೆ.

ಅದು ಪರೀಕ್ಷೆಯಲ್ಲ ಎಂದು ನನಗೆ ಹೊಳೆದದ್ದು ಒಂದು ಮೆಣಸಿನಕಾಯಿಯಿಂದ. ಅಂಗಳದ ಕುಂಡದಲ್ಲಿ ಅಮ್ಮ ಮೆಣಸಿನ ಗಿಡ ಬೆಳೆಸಿದ್ದಳು. ಹಣ್ಣಾದದ್ದು ಎರಡು ಕಿತ್ತು ಕೊಡಿ ಎಂದು ಒಳಗಿನಿಂದ ಕೂಗಿದಳು. ಅಪ್ಪ ಗಿಡದ ಮುಂದೆ ಕೂತು ಒಂದೊಂದು ಕಾಯಿಯನ್ನೂ ಬೆರಳಲ್ಲಿ ಹಿಸುಕಿ ಹಿಸುಕಿ ನೋಡಿದರು. ಕೆಂಪಗೆ ಉರಿಯುತ್ತಿದ್ದ ಹಣ್ಣುಗಳು ಅವರ ಮೂಗಿನ ಮುಂದೆಯೇ ಇದ್ದವು. ಅವರು ಕಿತ್ತುಕೊಂಡು ಹೋದದ್ದು ಒಂದು ಹಣ್ಣು, ಒಂದು ಹಸಿರು ಕಾಯಿ. ಮುಂದಿನ ಭಾನುವಾರ ಬಚ್ಚಲಲ್ಲಿ ಡ್ರಮ್ಮು ಉರುಳಿಸುತ್ತಾ ಕೇಳಿಬಿಟ್ಟೆ.

"ಅಪ್ಪಾ, ನಿಮಗೆ ಕೆಂಪು ಕಾಣಲ್ವಾ?"

ಅಪ್ಪ ಹಂಡೆಯ ಕಟ್ಟೆಯ ಮೇಲೆ ಕೂತರು. ಕೈಯಲ್ಲಿದ್ದ ಗಡಿಯಾರವನ್ನು ನೋಡುತ್ತಲೇ ಹೇಳಿದರು.

"ಕಾಣತ್ತೆ. ಆದ್ರೆ ಹಸಿರೂ ಹಂಗೇ ಕಾಣತ್ತೆ. ಹುಟ್ಟಿದಾಗಿಂದ ಹಿಂಗೇ. ಕೆಲಸಕ್ಕೆ ಸೇರೋವಾಗ ಕಣ್ಣಿನ ಟೆಸ್ಟಲ್ಲಿ ನನ್ನ ಮುಂದಿದ್ದೋನು ಬಣ್ಣದ ಚುಕ್ಕಿಗಳ ನಡುವೆ ಓದಿದ ನಂಬರನ್ನೇ ಕೇಳಿಸ್ಕೊಂಡು ನಾನೂ ಹೇಳಿದೆ. ಯಾರಿಗೂ ಗೊತ್ತಿಲ್ಲ ಉಮಾ. ಅಮ್ಮಂಗೂ ಗೊತ್ತಿಲ್ಲ. ನೀನೂ ಹೇಳಬಾರದು."

"ಹೇಳಿದ್ರೆ ಏನಾಗತ್ತೆ?"

"ಕೆಲಸ ಹೋಗಬಹುದು."

ಅಪ್ಪ ಮಾಗಡಿ ರಸ್ತೆ ಕಡೆಯ ಒಂದು ಕಾರ್ಖಾನೆಯಲ್ಲಿದ್ದರು. ದೊಡ್ಡ ದೊಡ್ಡ ಮೆಷಿನ್ನುಗಳಿಗೆ ಕರೆಂಟು ಹಂಚುವ ಕಬ್ಬಿಣದ ಪ್ಯಾನೆಲ್ಲುಗಳನ್ನು ಅಲ್ಲಿ ಮಾಡುತ್ತಿದ್ದರು. ಒಳಗಿನ ವೈರುಗಳೆಲ್ಲ ಸರಿಯಾದ ಜಾಗಕ್ಕೆ ಸೇರಿವೆಯೇ ಎಂದು ನೋಡಿ ಸಹಿ ಹಾಕುವುದು ಅಪ್ಪನ ಕೆಲಸ. ಕೆಂಪು ವೈರು ಕರೆಂಟಿನದು, ಹಸಿರು ವೈರು ಭೂಮಿಗೆ ಹೋಗುವುದು. ಒಂದಕ್ಕೊಂದು ಅದಲುಬದಲಾದರೆ ಪ್ಯಾನೆಲ್ಲಿನ ಬಾಗಿಲು ಮುಟ್ಟಿದವನು ಸಾಯುತ್ತಾನೆ. ಅಪ್ಪ ಬಣ್ಣ ನಂಬದೆ ಒಂದೊಂದು ವೈರನ್ನೂ ಮೀಟರು ಹಿಡಿದು ಎರಡೆರಡು ಸಲ ಪರೀಕ್ಷೆ ಮಾಡುತ್ತಿದ್ದರು. ಬೇರೆಯವರು ಅರ್ಧ ಗಂಟೆಯಲ್ಲಿ ಮುಗಿಸುವುದಕ್ಕೆ ಇವರಿಗೆ ಒಂದೂವರೆ ಗಂಟೆ ಬೇಕು. ಬಸವರಾಜ್ ನೋಡಿದ್ದಾರೆ ಅಂದರೆ ಮುಗೀತು, ಇನ್ನೊಬ್ಬರು ನೋಡಬೇಕಿಲ್ಲ ಎಂದು ಕಾರ್ಖಾನೆಯಲ್ಲಿ ಹೆಸರಾಗಿತ್ತು.

ಅಂದಿನಿಂದ ಸ್ಕೂಲಿನಲ್ಲಿ ಪಾಠ ನಡೆಯುತ್ತಿದ್ದಾಗ ಎಲ್ಲೋ ಯಾರೋ ಒಂದು ಪ್ಯಾನೆಲ್ಲಿನ ಬಾಗಿಲಿಗೆ ಕೈ ಹಾಕುತ್ತಿದ್ದಾರೆ ಅನ್ನಿಸುತ್ತಿತ್ತು. ಸಂಜೆ ಐದೂವರೆಗೆ ಗೇಟಿನ ಹತ್ತಿರ ಜಡೆಯ ತುದಿ ಕಚ್ಚುತ್ತಾ ನಿಲ್ಲುತ್ತಿದ್ದೆ. ಅಪ್ಪನ ಸೈಕಲ್ಲು ತಿರುವಿನಲ್ಲಿ ಕಂಡ ಮೇಲೆ ಅವರ ಮುಖ ನೋಡುತ್ತಿದ್ದೆ. ಇವತ್ತು ಏನೂ ಆಗಿಲ್ಲ ಎಂದು ಖಾತ್ರಿಯಾದ ಮೇಲೆಯೇ ಕಾಫಿ ಒಳಗಿಳಿಯುತ್ತಿದ್ದುದು. ಅಮ್ಮ ಇದನ್ನು ನೋಡುತ್ತಿದ್ದಳು. ಒಂದೆರಡು ಸಲ "ಏನೇ, ಏನಾಗಿದೆ ನಿಂಗೆ?" ಎಂದು ಕೇಳಿದಳು. "ಏನಿಲ್ಲ" ಅಂದೆ. ಅವಳಿಗೆ ಸುಳ್ಳು ಹೇಳುವುದು ನನಗೆ ಅಭ್ಯಾಸವಾಯಿತು.

ಮಹಡಿಯ ಮೇಲಿದ್ದವರು ನಮ್ಮ ಮನೆ ಮಾಲೀಕರು, ಗೌರಮ್ಮ. ಅವರ ಗಂಡ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವರು. ಬೀದಿಯೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿತ್ತು. ರಿಟೈರಾದ ಮರುವರ್ಷ ಕಾಮಾಲೆಯಾಗಿ, ಆಸ್ಪತ್ರೆಯಲ್ಲಿ ಒಂದು ತಿಂಗಳು ನರಳಿ ಹೋಗಿಬಿಟ್ಟಿದ್ದರು. ವರ್ಷದ ಪುಣ್ಯತಿಥಿ ಹತ್ತಿರ ಬಂದಾಗ ಗೌರಮ್ಮ ಕೆಳಗಿಳಿದು ಬಂದು, ಸೆರಗಿನಲ್ಲಿ ಮುಚ್ಚಿಕೊಂಡಿದ್ದ ಒಂದು ಕುಂಕುಮದ ಭರಣಿ ತೆಗೆದರು. ಅದರೊಳಗೆ ಹತ್ತಿಯ ಮೇಲೆ ಒಂದು ಸ್ಲೈಡು.

"ರಿಟೈರಾದ ದಿನ ಅವರ ಹಳೇ ಸ್ಟೂಡೆಂಟು ಒಬ್ಬ ತೆಗೆದದ್ದು ಬಸವರಾಜು. ಬಣ್ಣದ್ದು ಅಂತ ಇರೋದು ಇದೊಂದೇ. ಸ್ಟುಡಿಯೋದವರು ಬೊಂಬಾಯಿಗೆ ಕಳಿಸಬೇಕು ಅಂತಾರೆ. ಟಪಾಲಲ್ಲಿ ಕಳೆದುಹೋದ್ರೆ ನಾನೇನು ಮಾಡ್ಲಿ? ನೀನು ಮಾಡ್ತೀಯಂತಲ್ಲ."

ಅಪ್ಪ ಸ್ಲೈಡನ್ನು ಕಿಟಕಿಗೆ ಹಿಡಿದು ನೋಡಿ ನನ್ನ ಕೈಗೆ ಕೊಟ್ಟರು. ಮೇಷ್ಟ್ರು ಸ್ಕೂಲಿನ ಮೆಟ್ಟಿಲ ಮೇಲೆ ಕೂತಿದ್ದರು. ಹಣೆಯಲ್ಲಿ ವಿಭೂತಿ, ಹೆಗಲ ಮೇಲೆ ಸನ್ಮಾನದ ಕೆಂಪು ಶಾಲು, ನಗುವುದಕ್ಕೆ ಒಂದು ಕ್ಷಣ ಮುಂಚಿನ ಮುಖ. "ಮಾಡ್ಕೊಡ್ತೀನಿ ಬಿಡಿ ಗೌರಮ್ನೋರೆ" ಎಂದರು ಅಪ್ಪ. ನನ್ನನ್ನು ಒಂದು ಮಾತು ಕೇಳಲಿಲ್ಲ.

ಪುಣ್ಯತಿಥಿ ಸೋಮವಾರ. ಹಿಂದಿನ ದಿನ ಭಾನುವಾರ ಬಚ್ಚಲಿಗೆ ಇಳಿದೆವು. ಪೊಟ್ಟಣದಲ್ಲಿ ಉಳಿದಿದ್ದದ್ದು ನಾಲ್ಕೇ ಹಾಳೆ. ಬೆಳಿಗ್ಗೆಯಿಂದ ಮನೆಯಲ್ಲಿ ಜಗಳ ನಡೆದಿತ್ತು. ಅಮ್ಮನಿಗೆ ಮೈಯಲ್ಲಿ ಹುಷಾರಿರಲಿಲ್ಲ, ಸ್ನಾನಕ್ಕೆ ತಡವಾಯಿತು. ಅಪ್ಪ ಎರಡು ಸಲ ಬಾಗಿಲು ತಟ್ಟಿದರು. ಅವಳು ಒದ್ದೆ ಕೂದಲಲ್ಲೇ ಹೊರಗೆ ಬಂದು ಅಂದಳು.

"ಈ ಮನೇಲಿ ನನಗೆ ಒಂದು ಚೊಂಬು ನೀರು ಹಾಕ್ಕೊಳ್ಳೋಕೂ ನಿಮ್ಮ ಫೋಟೋ ಬಿಡಲ್ಲ. ನಾಡಿದ್ದು ನಾನು ಊರಿಗೆ ಹೋಗ್ತೀನಿ. ಅಪ್ಪ ಮಗಳು ಇಬ್ರೇ ಒಳಗೆ ಚಿಲಕ ಹಾಕ್ಕೊಂಡು ಇರಿ."

ಅವಳು ಕೋಣೆಗೆ ಹೋಗಿ ಟ್ರಂಕು ಎಳೆದ ಸದ್ದು ಕೇಳಿಸಿತು. ಅಪ್ಪ ಕೆಂಡಕ್ಕೆ ನೀರು ಸುರಿದರು.

ಒಂದು ಹಾಳೆಯನ್ನು ನಾಲ್ಕು ತುಂಡು ಮಾಡಿ ಪರೀಕ್ಷೆಗೆ ಇಟ್ಟುಕೊಂಡೆವು. ಮೊದಲ ತುಂಡಿನಲ್ಲಿ ಮೇಷ್ಟ್ರ ಮುಖ ತೀರಾ ಕೆಂಪು. ಹಾಗೆಂದು ಹೇಳಿದೆ. ಅಪ್ಪ ಫಿಲ್ಟರು ತೆಗೆದರು. ಎರಡನೆಯದೂ ಕೆಂಪು ಅಂದೆ. ಇನ್ನೊಂದನ್ನು ತೆಗೆದರು. ಮೂರನೆಯದು ಸುಮಾರಾಗಿ ಸರಿಯಿತ್ತು. ಆದರೆ ನನ್ನ ಕಿವಿ ಟ್ರಂಕಿನ ಕಡೆಗಿತ್ತು, ಗಮನವಿಟ್ಟು ನೋಡಲಿಲ್ಲ, "ಇನ್ನೂ ಸ್ವಲ್ಪ" ಅಂದುಬಿಟ್ಟೆ. ಅಪ್ಪ ಇನ್ನೂ ಒಂದು ಫಿಲ್ಟರು ಇಳಿಸಿ ನೇರವಾಗಿ ಪೂರಾ ಹಾಳೆಗೇ ಬೆಳಕು ಬಿಟ್ಟರು. ನಾನು ಡ್ರಮ್ಮು ಉರುಳಿಸಿದೆ. ಎರಡು ನಿಮಿಷ, ನಾಲ್ಕು ನಿಮಿಷ, ಮೂರು ನಿಮಿಷ. ಮುಚ್ಚಳ ತೆಗೆದು ಕಾಗದ ಹೊರಗೆಳೆದೆ. ಮುಖ ಹಸಿರಿಗೆ ತಿರುಗಿತ್ತು. ಶಾಲು ಕೆಸರಿನ ಬಣ್ಣಕ್ಕೆ ಬಂದಿತ್ತು. ಒದ್ದೆಯಲ್ಲೇ ಹೀಗಿದ್ದರೆ ಒಣಗಿದ ಮೇಲೆ ಇನ್ನೂ ಹಸಿರಾಗುತ್ತದೆ. ಇದು ನನಗೆ ಚೆನ್ನಾಗಿ ಗೊತ್ತಿತ್ತು.

"ಹೆಂಗಿದೆ?" ಅಪ್ಪ ಕೇಳಿದರು.

ಕೋಣೆಯಲ್ಲಿ ಟ್ರಂಕಿನ ಮುಚ್ಚಳ ಬಿದ್ದ ಸದ್ದಾಯಿತು. ಇನ್ನೊಂದು ಸಲ ಮಾಡಬೇಕೆಂದರೆ ಇನ್ನೊಂದು ಗಂಟೆ ಬಚ್ಚಲು ಮುಚ್ಚಿರಬೇಕು. ಉಳಿದಿರುವುದು ಎರಡು ಹಾಳೆ. ಹೀಗೆಲ್ಲ ಯೋಚಿಸಿದೆನೋ ಇಲ್ಲವೋ ಈಗ ಹೇಳಲಾರೆ. ಬಾಗಿಲು ತೆಗೆಯಬೇಕು, ಅಪ್ಪ ಹೊರಗೆ ಹೋಗಿ ಅಮ್ಮನ ಹತ್ತಿರ ಮಾತಾಡಬೇಕು, ಇದು ಮುಗಿಯಬೇಕು ಅನ್ನಿಸಿದ್ದು ಮಾತ್ರ ನೆನಪಿದೆ.

"ಸರಿಯಾಗಿದೆ ಅಪ್ಪ."

"ಶಾಲು?"

"ಕೆಂಪಗಿದೆ."

ಅಪ್ಪನ ಹೆಗಲು ಇಳಿಯಿತು. ಪ್ರಿಂಟನ್ನು ತೊಳೆದು, ಬಚ್ಚಲೊಳಗೇ ದಾರಕ್ಕೆ ಒಣಗಿಹಾಕಿ, ಸಂಜೆ ಅಲ್ಲೇ ನಿಂತು ಫ್ರೇಮು ಹಾಕಿ, ನ್ಯೂಸ್‌ಪೇಪರು ಸುತ್ತಿಟ್ಟರು. ನಾನು ಆ ಕಡೆ ಹೋಗಲಿಲ್ಲ. ಅಮ್ಮ ಟ್ರಂಕನ್ನು ಮಂಚದ ಕೆಳಗೆ ತಳ್ಳಿದಳು. ಊರಿಗೆ ಹೋಗುವ ಮಾತು ಮತ್ತೆ ಬರಲಿಲ್ಲ. ರೊಟ್ಟಿ, ಬದನೆಕಾಯಿ ಪಲ್ಯ ಮಾಡಿದ್ದಳು. ನಾನು ಅರ್ಧ ರೊಟ್ಟಿ ಬಿಟ್ಟು ಎದ್ದೆ.

ಮರುದಿನ ಅಪ್ಪ ಕಾರ್ಖಾನೆಗೆ ರಜೆ ಹಾಕಿದ್ದರು. ಮಹಡಿಯ ಮೇಲೆ ಇಪ್ಪತ್ತು ಜನ ಸೇರಿದ್ದರು. ಅಪ್ಪನ ಫೋರ್‌ಮನ್ ನಂಜುಂಡಯ್ಯನವರೂ ವಿಜಯನಗರದಿಂದ ಬಂದಿದ್ದರು. ಗೌರಮ್ಮನವರಿಗೆ ಅವರು ದೂರದ ನೆಂಟರು, ನಮಗೆ ಈ ಮನೆ ಕೊಡಿಸಿದವರೂ ಅವರೇ. ಮಠದಿಂದ ಬಂದ ಅಯ್ಯನವರ ಪಾದಪೂಜೆ ಮುಗಿಯಿತು. ಕುರ್ಚಿಯ ಮೇಲೆ ಬಿಳಿ ಪಂಚೆ ಹಾಸಿ, ಅಪ್ಪ ಫೋಟೋ ಇಟ್ಟು ಪೇಪರು ಬಿಚ್ಚಿದರು. ಹೂವಿನ ಹಾರ ಹಿಡಿದು ಬಂದ ಗೌರಮ್ಮ ಎರಡು ಹೆಜ್ಜೆ ದೂರದಲ್ಲೇ ನಿಂತರು. ಹಿಂದೆ ಯಾರೋ ಕೆಮ್ಮಿದರು.

"ಆಸ್ಪತ್ರೇಲಿ ಹೀಗೇ ಆಗಿದ್ರು" ಎಂದರು ಗೌರಮ್ಮ. ಸಿಟ್ಟಿನಿಂದಲ್ಲ. ಅಲ್ಲಿದ್ದವರಿಗೆ ವಿಷಯ ತಿಳಿಸುವವರ ಹಾಗೆ, ಮೆಲ್ಲಗೆ ಹೇಳಿದರು. "ಕೊನೇ ದಿನ. ಹೀಗೇ ಇತ್ತು ಬಣ್ಣ."

ಅಪ್ಪ ಫೋಟೋ ನೋಡಿದರು. ಜನರ ಮುಖ ನೋಡಿದರು. ಮತ್ತೆ ಫೋಟೋ ನೋಡಿದರು. ಏನು ತಪ್ಪಾಗಿದೆಯೆಂದು ಅವರಿಗೆ ಗೊತ್ತಾಗುತ್ತಿರಲಿಲ್ಲ. ಕೊನೆಗೆ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಬೈಗುಳವಿರಲಿಲ್ಲ. ಪ್ರತಿ ಭಾನುವಾರ ಕೇಳುತ್ತಿದ್ದ ಪ್ರಶ್ನೆಯೇ ಇತ್ತು, ಹೆಂಗಿದೆ ಉಮಾ ಎಂದು. ನಾನು ನೆಲ ನೋಡಿದೆ.

ನಂಜುಂಡಯ್ಯನವರು ಅಪ್ಪನ ಪಕ್ಕ ಬಂದು ನಿಂತು ತಗ್ಗಿದ ದನಿಯಲ್ಲಿ ಕೇಳಿದರು.

"ಬಸವರಾಜ್, ಈ ಶಾಲು ಯಾವ ಬಣ್ಣ?"

"ಕೆಂಪು ಸಾರ್."

"ನಿಮಗೆ ಹಂಗೆ ಕಾಣ್ತಿದ್ಯಾ?"

ಅಪ್ಪ ಕುರ್ಚಿಯ ಮೇಲಿನ ಪಂಚೆಯ ಅಂಚು ಸರಿಮಾಡಿದರು. ನಂಜುಂಡಯ್ಯನವರು ಕನ್ನಡಕ ತೆಗೆದು ಒರೆಸಿಕೊಂಡರು. ಅಮ್ಮ ಮುಂದೆ ಬಂದು ಫೋಟೋಗೆ ಮತ್ತೆ ಪೇಪರು ಸುತ್ತಿ, "ಗೌರಮ್ನೋರೆ, ತಪ್ಪಾಗಿದೆ, ಕ್ಷಮಿಸಿ. ಹಳೇ ಕಪ್ಪುಬಿಳುಪಿಂದೇ ಇಡೋಣ" ಎಂದಳು. ಗೋಡೆಯ ಮೇಲಿದ್ದ ಹಳೆಯ ಫೋಟೋ ಇಳಿಸಿ ಹಾರ ಹಾಕಿದರು. ಪ್ರಸಾದಕ್ಕೆ ಕೂತೆವು. ಅಪ್ಪನ ಎಲೆಯಲ್ಲಿ ಹೋಳಿಗೆ ಹಾಗೇ ಉಳಿದಿತ್ತು.

ಕೆಳಗೆ ಬಂದ ಮೇಲೆ ನಾನು ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಕೂತೆ. ಅಮ್ಮ ಬಾಗಿಲು ತಟ್ಟಿ ತೆಗೆಸಿದಳು. ಅಳುತ್ತಾ ಎಲ್ಲ ಹೇಳಿದೆ, ಹಸಿರು ಕಂಡದ್ದು, ಕೆಂಪು ಎಂದದ್ದು, ಅಪ್ಪನಿಗೆ ಬಣ್ಣ ಕಾಣದಿರುವುದು. ಅಮ್ಮ ಬಾಗಿಲಿಗೆ ಒರಗಿ ನಿಂತು ಕೇಳಿಸಿಕೊಂಡಳು. ಅಷ್ಟರಲ್ಲಿ ಅಪ್ಪ ಅಡಿಗೆಮನೆಗೆ ಬಂದಿದ್ದರು.

"ನನಗೆ ಗೊತ್ತಿಲ್ಲ ಅಂದ್ಕೊಂಡಿದ್ರಾ?" ಅಮ್ಮ ಅವರನ್ನು ಕೇಳಿದಳು. "ನಿಶ್ಚಿತಾರ್ಥಕ್ಕೆ ಹಸಿರು ಸೀರೆ ತರ್ತೀನಿ ಅಂತ ಕಂದು ಬಣ್ಣದ್ದು ತಂದ್ರಲ್ಲ, ಅವತ್ತೇ ಗೊತ್ತಾಯ್ತು. ಹದಿನೈದು ವರ್ಷದಿಂದ ನಿಮ್ಮ ಕಾಲುಚೀಲ ಜೋಡಿ ಮಾಡಿಡೋದು ಯಾರು? ನೀವಾಗಿ ಹೇಳ್ತೀರ ಅಂತ ಕಾಯ್ತಾ ಇದ್ದೆ. ಮಗೂಗೆ ಹೇಳಿದ್ರಿ. ನನಗೆ ಹೇಳಲಿಲ್ಲ. ಇಷ್ಟು ಚಿಕ್ಕದರ ತಲೆ ಮೇಲೆ ಅದನ್ನ ಹೇರಿದ್ರಿ."

ಅಪ್ಪ ಅಡಿಗೆಮನೆಯ ಹೊಸ್ತಿಲಲ್ಲಿ ಕೂತುಬಿಟ್ಟರು. ನನ್ನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡರು. ಯಾಕೆ ಸುಳ್ಳು ಹೇಳಿದೆ ಎಂದು ಕೇಳುತ್ತಾರೆ ಅಂದುಕೊಂಡು ಉತ್ತರ ಹುಡುಕುತ್ತಿದ್ದೆ. ಅವರು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಆಮೇಲೂ ಯಾವತ್ತೂ ಕೇಳಲಿಲ್ಲ.

"ನಾಳೆ ನಾನೇ ಹೋಗಿ ಮ್ಯಾನೇಜರಿಗೆ ಹೇಳ್ತೀನಿ" ಎಂದಷ್ಟೇ ಅಂದರು.

ಹೇಳಿದರು. ನಂಜುಂಡಯ್ಯನವರೂ ಜೊತೆಗೆ ಹೋದರಂತೆ. ಹೊರಗೆ ಕಳಿಸಿರದ ಪ್ಯಾನೆಲ್ಲುಗಳನ್ನೆಲ್ಲ ಇನ್ನೊಮ್ಮೆ ತೆರೆದು ನೋಡಬೇಕು, ಕಳಿಸಿದ ಕಡೆಗೂ ಜನ ಹೋಗಿ ನೋಡಿ ಬರಬೇಕು ಎಂದು ತೀರ್ಮಾನವಾಯಿತು. ಅಷ್ಟು ದಿನ ಅಪ್ಪ ಮನೆಯಲ್ಲಿರಬೇಕು. ಆ ಹತ್ತು ದಿನ ನಮ್ಮ ಮನೆಯಲ್ಲಿ ಯಾರೂ ಗಟ್ಟಿಯಾಗಿ ಮಾತಾಡಲಿಲ್ಲ. ಅಪ್ಪ ಹಾಲಿನಲ್ಲಿ ಕೂತು ಒಂದೇ ಪೇಪರನ್ನು ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಓದುತ್ತಿದ್ದರು. ಗೇಟು ಕಿರುಗುಟ್ಟಿದರೆ ಮೂವರೂ ಒಟ್ಟಿಗೆ ತಲೆಯೆತ್ತುತ್ತಿದ್ದೆವು. ವಿಷಯವೇನೆಂದು ತಿಳಿಯದ ಅಜ್ಜಿ ಮಾತ್ರ ಮಗ ಮನೆಯಲ್ಲಿದ್ದಾನೆಂದು ಖುಷಿಯಾಗಿ, "ಬಾ ಇಲ್ಲೆ, ಕಾಲು ಚಾಚಿ ಕುಂದರು" ಎನ್ನುತ್ತಿದ್ದಳು. ಪ್ಯಾನೆಲ್ಲಿನ ಬಾಗಿಲಿಗೆ ಕೈ ಹಾಕುವ ಆ ಮನುಷ್ಯ ನನಗೆ ಈಗ ಹಗಲೆಲ್ಲ ಕಾಣಿಸುತ್ತಿದ್ದ. ಹನ್ನೊಂದನೆಯ ದಿನ ನಂಜುಂಡಯ್ಯನವರು ಸ್ಕೂಟರಿನಲ್ಲಿ ಬಂದರು. ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಹೇಳಿದರು.

"ಎಲ್ಲಾ ನೋಡಿ ಆಯ್ತು ಬಸವರಾಜ್. ಒಂದು ವೈರೂ ತಪ್ಪಿಲ್ಲ."

ಅಮ್ಮ ಕಾಫಿ ತರುತ್ತೇನೆಂದು ಒಳಗೆ ಹೋದವಳು ಅಡಿಗೆಮನೆಯ ಗೋಡೆಗೆ ಮುಖ ಮಾಡಿ ನಿಂತಿದ್ದಳು. ಕೆಲಸ ಉಳಿಯಿತು, ಆ ಜಾಗ ಉಳಿಯಲಿಲ್ಲ. ಅಪ್ಪನನ್ನು ಸ್ಟೋರಿಗೆ ಹಾಕಿದರು. ರಿಟೈರಾಗುವವರೆಗೂ ಅಲ್ಲೇ ಇದ್ದರು. ಬಸವರಾಜ್ ನೋಡಿದ್ದಾರೆ ಎನ್ನುವ ಮಾತು ಅಲ್ಲಿಗೆ ನಿಂತಿತು. ಅದರಿಂದ ಅವರಿಗೆ ನೋವಾಗಿತ್ತು. ಆದರೆ ನಾನು ಗೇಟಿನ ಹತ್ತಿರ ನಿಲ್ಲುವುದನ್ನು ಬಿಟ್ಟೆ.

ಸ್ಲೈಡು ಇನ್ನೂ ನಮ್ಮ ಮನೆಯಲ್ಲೇ ಇತ್ತು. ಹಿಂದಕ್ಕೆ ಕೊಡಲು ಅಪ್ಪ ಮಹಡಿಗೆ ಹೋದಾಗ ಗೌರಮ್ಮ ತೆಗೆದುಕೊಳ್ಳಲಿಲ್ಲ. "ಇನ್ನೊಂದ್ ಸಲ ಮಾಡಿ ನೋಡು" ಅಂದರು. ಮುಂದಿನ ಭಾನುವಾರ ಉಳಿದಿದ್ದ ಎರಡು ಹಾಳೆಯಲ್ಲಿ ಒಂದನ್ನು ತುಂಡು ಮಾಡಿದೆವು. ಮೊದಲ ತುಂಡು ತೊಳೆದು ಬಂತು. ಅಪ್ಪ ಎಂದಿನಂತೆ ನನ್ನ ಮುಂದೆ ಹಿಡಿದರು. ನೋಡಿದೆ. ಕೆಂಪೋ, ಹಸಿರೋ, ಸರಿಯೋ, ಏನೂ ಹೇಳಲಾಗಲಿಲ್ಲ. ಕಂಡದ್ದರ ಮೇಲೆ ನನಗೇ ನಂಬಿಕೆ ಹೋಗಿತ್ತು.

"ಗೊತ್ತಾಗ್ತಿಲ್ಲ ಅಪ್ಪ."

"ಗೊತ್ತಾಗದಿದ್ರೆ ಗೊತ್ತಾಗ್ತಿಲ್ಲ ಅನ್ನು. ಅದೂ ಒಂದು ಉತ್ತರಾನೇ. ಒಣಗಲಿ, ಆಮೇಲೆ ನೋಡಿದ್ರಾಯ್ತು."

ಮುಂದೆ ನಾನು ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತು ವರ್ಷ ಸೂಕ್ಷ್ಮದರ್ಶಕದ ಕೆಳಗೆ ಬಣ್ಣ ಹಚ್ಚಿದ ಅಂಗಾಂಶ ನೋಡುವ ಕೆಲಸ ಮಾಡಿದೆ. ಖಚಿತವಿಲ್ಲ, ಇನ್ನೊಬ್ಬರು ನೋಡಲಿ ಎಂದು ಬರೆಯಲು ನನ್ನ ಜೊತೆಯವರು ಹಿಂಜರಿಯುತ್ತಿದ್ದರು. ನಾನು ಹಿಂಜರಿದದ್ದಿಲ್ಲ. ಆ ಧೈರ್ಯ ನನಗೆ ಬಚ್ಚಲುಮನೆಯಲ್ಲಿ ಆ ದಿನ ಸಿಕ್ಕಿದ್ದು.

ಒಣಗಿದ ತುಂಡನ್ನು ಅಪ್ಪ ಅಮ್ಮನಿಗೆ ತೋರಿಸಿದರು. ಅವಳು ಸೆರಗಿಗೆ ಕೈ ಒರೆಸಿಕೊಂಡು ಬಂದು, "ಕೆನ್ನೆ ಹತ್ರ ಹಸಿರಿದೆ ಇನ್ನೂ" ಎಂದಳು. ನನಗೂ ಹಾಗೇ ಕಂಡಿತು, ಈಗ ಹೇಳಿದೆ. ಎರಡನೆಯ ತುಂಡಿಗೆ ಅಪ್ಪ ಗೌರಮ್ಮನವರನ್ನೇ ಕೆಳಗೆ ಕರೆದರು. ಅವರು ನಮ್ಮ ಬಚ್ಚಲಿನ ಬಾಗಿಲಲ್ಲಿ ಮೂಗಿಗೆ ಸೆರಗು ಹಿಡಿದು ನಿಂತು ಬಹಳ ಹೊತ್ತು ನೋಡಿದರು.

"ಇವರು ಇನ್ನೂ ಸ್ವಲ್ಪ ಕಪ್ಪಗಿದ್ರು."

"ಸ್ಲೈಡಲ್ಲಿ ಇಷ್ಟೇ ಇದೆ ಗೌರಮ್ನೋರೆ" ಎಂದೆ ನಾನು.

"ಸ್ಲೈಡು ಅವರ ಜೊತೆ ಮೂವತ್ತೆಂಟು ವರ್ಷ ಇತ್ತೇನೇ?"

ಅಮ್ಮ ಸೆರಗು ಬಾಯಿಗೊತ್ತಿಕೊಂಡು ನಕ್ಕಳು. ಅಪ್ಪನೂ ನಕ್ಕರು. ಬೆಳಕು ಬಿಡುವ ಹೊತ್ತನ್ನು ಎರಡು ಸೆಕೆಂಡು ಕಡಿಮೆ ಮಾಡಿ ಮೂರನೆಯ ತುಂಡು ಮಾಡಿದರು. ಗೌರಮ್ಮ ನೋಡಿ, ಇದೇ ಎಂದು ಹೇಳಿ, ಕಣ್ಣೊರೆಸಿಕೊಂಡು ಮೇಲೆ ಹೋದರು. ಕೊನೆಯ ಹಾಳೆಗೆ ಬೆಳಕು ಬಿಡುವಾಗ, ಭಾನುವಾರವಾದರೂ ಎಲ್ಲಿ ಹೊರಗೆ ಪವರ್‌ಲೂಮು ಶುರುವಾಗುತ್ತದೋ ಎಂದು ನಾನು ಕಣ್ಣು ಮುಚ್ಚಿಕೊಂಡಿದ್ದೆ. ಶುರುವಾಗಲಿಲ್ಲ.

ಸಂಜೆಯ ಹೊತ್ತಿಗೆ ಅದು ಒಣಗಿತು. ಇದ್ದದ್ದು ಒಂದೇ ಫ್ರೇಮು. ಅಪ್ಪ ಅದರಿಂದ ಹಳೆಯ ಪ್ರಿಂಟನ್ನು ಬಿಡಿಸಿ, ಅಂಗಳದ ಕಟ್ಟೆಯ ಮೇಲೆ ಎರಡನ್ನೂ ಪಕ್ಕಪಕ್ಕ ಇಟ್ಟರು. ಒಂದರಲ್ಲಿ ಆಸ್ಪತ್ರೆಯ ಮಂಚದ ಮೇಲಿನ ಮೇಷ್ಟ್ರು, ಒಂದರಲ್ಲಿ ರಿಟೈರಾದ ದಿನದ ಮೇಷ್ಟ್ರು. ಕುರುಡನಿಗೂ ವ್ಯತ್ಯಾಸ ತಿಳಿಯುತ್ತದೆ ಅನ್ನಿಸುವಷ್ಟು ಬೇರೆ ಬೇರೆ. ಅಪ್ಪ ಮೊಣಕಾಲೂರಿ ಕೂತು ಇದನ್ನು ನೋಡಿದರು, ಅದನ್ನು ನೋಡಿದರು. ಬಗ್ಗಿ ಹತ್ತಿರದಿಂದ ನೋಡಿದರು.

"ಉಮಾ, ಇವತ್ತಿಂದು ಯಾವುದು?"

ನಾನು ಬಲಗಡೆಯದನ್ನು ತೋರಿಸಿದೆ. ಅಪ್ಪ ಜೇಬಿನಿಂದ ಪೆನ್ಸಿಲ್ಲು ತೆಗೆದು, ಅದರ ಹಿಂಬದಿಯಲ್ಲಿ ಸಣ್ಣದಾಗಿ 'ಸರಿ' ಎಂದು ಬರೆದರು. ಇನ್ನೊಂದರ ಹಿಂದೆ ಏನೂ ಬರೆಯಲಿಲ್ಲ. ಒಳಗೆ ಹೋಗಿ ಫ್ರೇಮಿನ ಗಾಜು ಒರೆಸಿಕೊಂಡು ಬಂದರು. ಕಟ್ಟೆಯ ಮೇಲಿನ ಒಂದು ಪ್ರಿಂಟನ್ನು ಎತ್ತಿ, ತಿರುಗಿಸಿ, ಹಿಂಬದಿ ಓದಿ ಕೆಳಗಿಟ್ಟರು. ಇನ್ನೊಂದನ್ನು ಎತ್ತಿ, ತಿರುಗಿಸಿ, ಓದಿ, ಫ್ರೇಮಿಗೆ ಹಾಕಿಕೊಂಡು ಮಹಡಿಯ ಮೆಟ್ಟಿಲು ಹತ್ತಿದರು.